ಮೇಲ್ಮಹಡಿ ಅಕ್ಕನ ಟೊಮೇಟೊ

ಪರದೇಶದ ಈ ಸೂಪರ್‌ಮಾರ್ಕೆಟ್ಟಿನಲ್ಲಿ ನಮ್ಮ ಮೇಲ್ಮಹಡಿ ಅಕ್ಕ ಟೊಮೇಟೊ ಹಿಡಿದು, ಬೆಲೆಯನ್ನು ನಮ್ಮ ರೂಪಾಯಿಗೆ ಗುಣಿಸಿ, ಕೈಸುಟ್ಟವರಂತೆ ಬಿಟ್ಟುಬಿಡುತ್ತಾರೆ. “ಈ ದುಡ್ಡಿಗೆ ಊರಲ್ಲಿ ಬುಟ್ಟಿಗಟ್ಟಲೆ ಬರುತ್ತೆ ಕಣೇ,” ಎಂದು ನನ್ನ ತಳ್ಳುಗಾಡಿಯಿಂದಲೂ ಎರಡು ಹಣ್ಣು ತೆಗೆದಿಡುತ್ತಾರೆ. ನನ್ನ ಮಗುವಿಗೆ ಸಾಲದೇ ಹೋದೀತೆಂಬ ಭಯಕ್ಕೆ ನಾನು ಅಕ್ಕನ ಕಣ್ತಪ್ಪಿಸಿ ಮತ್ತೆ ಹಾಕಿಕೊಳ್ಳುತ್ತೇನೆ. ಕ್ಯಾರೆಟ್ಟಿಗೊಂದು ನಿಟ್ಟುಸಿರು, ಬೆಣ್ಣೆಗೊಂದು ಶಾಪ. ಅಕ್ಕ ಊರು ಬಿಟ್ಟು ಹದಿನೈದು ವರ್ಷವಾದರೂ ಅವರ ತಲೆಯೊಳಗಿನ ಸಂತೆಯಲ್ಲಿ ಬೆಲೆ ಒಂದು ಕಾಸೂ ಏರಿಲ್ಲ. ಮೊನ್ನೆ ತಡೆಯಲಾರದೆ, “ಅಲ್ಲೂ ಈಗ ಟೊಮೇಟೊ ಬೆಲೆ ಕೇಳಿದ್ರೆ ಎದೆ ಧಸಕ್ಕನ್ನುತ್ತಂತೆ ಅಕ್ಕಾ, ಅಮ್ಮ ಫೋನಲ್ಲಿ ಗೋಳಾಡ್ತಿದ್ರು,” ಎಂದೆ. ಅಕ್ಕ ಹಣ್ಣು ಹಿಡಿದು ನಿಂತೇಬಿಟ್ಟರು. “ಊರಲ್ಲಿರೋ ತಂಗಿಗೆ ಮನೆಖರ್ಚಿಗೆ ಅಂತ ನಾನು ಇಲ್ಲಿಗೆ ಬಂದ ವರ್ಷ ಕಳಿಸಿದಷ್ಟೇ ಈಗಲೂ ಕಳಿಸ್ತಿದ್ದೀನಲ್ಲೇ. ಸಾಕಾಗುತ್ತಾ ಅಂತ ಕೇಳಿದಾಗಲೆಲ್ಲ, ಮಿಗುತ್ತೆ ಅಕ್ಕಾ ಅಂತಾಳೆ.”