ಒರೆಸಕ್ಕ ಮರೆತ ನೀರು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಒರೆಸಕ್ಕ ಎಂದೇ ಕರೆಯುತ್ತಿದ್ದರು. ಬೆರಳ ಗುರುತು ಬಿದ್ದ ಗಾಜು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಗಂಡನ ಕನ್ನಡಕವನ್ನೂ ಮೂಗಿನ ಮೇಲಿಂದಲೇ ಕಿತ್ತು ಒರೆಸುವಳು. "ಇನ್ನು ನನ್ನ ಬೋಳುತಲೆ ಒಂದು ಬಾಕಿ ಕಣೇ," ಎಂದು ಅವನು ರೇಗಿಸುತ್ತಿದ್ದ.

ಅವಳ ಕೆಲಸವೇ ಅಂಥದ್ದು. ಹಾಲು ಕುಡಿಯಲಾಗದ ಎಳೆಗೂಸುಗಳಿಗೆ ರಕ್ತನಾಳದ ಮೂಲಕ ಕೊಡುವ, ಎಣ್ಣೆಯ ಹನಿಗಳು ತೇಲುವ ಬಿಳಿ ಮದ್ದು ಅಲ್ಲಿ ತಯಾರಾಗುತ್ತಿತ್ತು. ಕಣ್ಣಿಗೆ ಕಾಣದ ಆ ಹನಿಗಳು ದಪ್ಪವಾದರೆ ಕೂಸಿನ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಾವು. ಒರೆಸಕ್ಕ ಒಂದು ಹನಿ ಮದ್ದಿಗೆ ಧಾರಾಳವಾಗಿ ನೀರು ಬೆರೆಸಿ, ಪುಟ್ಟ ಗಾಜಿನ ಕೊಳವೆಗೆ ತುಂಬಿ, ಅಳತೆ ಕೆಡದಂತೆ ಬೆರಳ ಗುರುತು ಒರೆಸಿ, ಲೇಸರ್ ಹಾಯಿಸುವಳು. ಸಣ್ಣ ಹನಿ ಚುರುಕಾಗಿ ಓಡಾಡುತ್ತದೆ, ದಪ್ಪನೆಯದು ನಿಧಾನ. ಚದುರಿ ಬಂದ ಬೆಳಕು ಎಷ್ಟು ಬೇಗ ಮಿನುಗುತ್ತದೆಂದು ನೋಡಿಯೇ ಯಂತ್ರ ಗಾತ್ರ ಹೇಳುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳ ಅಳತೆ ಒಮ್ಮೆಯೂ ತಪ್ಪಿರಲಿಲ್ಲ. ಆ ಹೆಮ್ಮೆ ಅವಳಿಗೆ ತುಸು ಜಾಸ್ತಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು?

ಅಂದು ಆಸ್ಪತ್ರೆಯಿಂದ ಒಂದೇ ಸಮನೆ ಫೋನು. "ಬೇಗ ಅಕ್ಕಾ, ಗಾಡಿ ಕಾಯ್ತಿದೆ," ಎಂದು ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು. ಅವಳು ಕೊಳವೆಯನ್ನು ಮೂರು ಸಲ ಒರೆಸಿ, ಅಳೆದು, ಸಹಿ ಹಾಕಿಕೊಟ್ಟಳು.

ಆಮೇಲೆ ಕೊಳವೆ ತೊಳೆಯಲು ನಲ್ಲಿಯ ಬಳಿ ಹೋದವಳು ಅದನ್ನು ಬೆಳಕಿಗೆ ಹಿಡಿದಳು. ತಿಳಿಯಾಗಿರಬೇಕಾದದ್ದು ಒಳಗೆ ಹಾಲಿನಷ್ಟೇ ಬೆಳ್ಳಗಿತ್ತು. ಹೊರಗೆ ಒರೆಸುವ ಭರದಲ್ಲಿ ಒಳಗೆ ನೀರು ಬೆರೆಸುವುದನ್ನೇ ಮರೆತಿದ್ದಳು! ಮದ್ದು ಮಂದವಾಗಿದ್ದರೆ ಬೆಳಕು ಹನಿಯಿಂದ ಹನಿಗೆ ಬಡಿದು ಗಡಿಬಿಡಿಯಿಂದ ಮಿನುಗುತ್ತದೆ, ದಪ್ಪ ಹನಿಯೂ ಸಣ್ಣದೆಂದೇ ಯಂತ್ರ ನಂಬುತ್ತದೆ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಐವತ್ತು ದಾಟಿದ ಆ ಹೆಂಗಸು ಎದ್ದೆನೋ ಬಿದ್ದೆನೋ ಎಂದು ಓಡಿ, ಗೇಟಿನಲ್ಲಿ ಗಾಡಿಗೆ ಅಡ್ಡ ನಿಂತಳು. ಮೆಚ್ಚಬೇಕಾದ್ದು ಆ ಓಟವನ್ನೇ.

"ಏನಕ್ಕಾ ಇದು! ಸರಿಯಿದೆ ಅಂತ ಯಂತ್ರವೇ ಹೇಳಿತಲ್ಲ?" ಎಂದರು ಮ್ಯಾನೇಜರ್.

"ಅದು ಹೇಳಿದ್ದಲ್ಲ ಸರ್, ನಾನು ಹೇಳಿಸಿದ್ದು. ಪೆಟ್ಟಿಗೆ ಇಳಿಸಿ."

ನೀರು ಬೆರೆಸಿ ಮತ್ತೆ ಅಳೆದರು. ಹನಿಗಳು ಮಿತಿಗಿಂತ ದಪ್ಪಗಿದ್ದವು. ಇನ್ನೊಂದು ತೊಟ್ಟಿಯ ಮದ್ದು ಸರಿಯಿತ್ತು, ಗಾಡಿ ಅದನ್ನು ಹೊತ್ತು ಹೊರಟಿತು. ಮ್ಯಾನೇಜರ್ ಅವಳಿಗೆ ಕುರ್ಚಿ ಎಳೆದುಕೊಟ್ಟರು. ಅವಳು ಕೂರದೆ, ರಿಜಿಸ್ಟರಿನಲ್ಲಿ ಬರೆದಳು: "ನೀರು ಬೆರೆಸಲು ಮರೆತೆ. ತಪ್ಪು ನನ್ನದು."

ಸಂಜೆ ಮನೆಯಲ್ಲಿ ಎಲ್ಲವನ್ನೂ ಕೇಳಿದ ಗಂಡ ತಾನಾಗಿಯೇ ಕನ್ನಡಕ ತೆಗೆದು ಅವಳ ಮುಂದೆ ಹಿಡಿದ.

"ತಗೋ, ಒರೆಸು."

ಒರೆಸಿದಷ್ಟೂ ಅದು ಒದ್ದೆಯಾಗುತ್ತಿತ್ತು.