ಟಿವಿಯಲ್ಲಿ ಬಣ್ಣ ಬಂದಿತ್ತು

ಟಿವಿಯಲ್ಲಿ ಬಣ್ಣ ಬಂದಿತ್ತು. ನಾನೇ ನೋಡಿದೆ, ನಾನೇ ತೆಗೆದೆ. ಬರಲಿಲ್ಲ ಅಂತ ಹೇಳಿದ್ದು ಸುಳ್ಳು.

ನಯಾಜ್ ನನ್ನ ಗೆಳೆಯ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು. ನಾನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಲೇಬರ್. ಮೊದಲ ಬೋನಸ್ ಬಂದಾಗ ವಿಡಿಯೋ ಗೇಮ್ ಮೆಷಿನ್ ತಂದಿದ್ದೆ. ಬೀದಿಯಲ್ಲಿ ಯಾರು ಬೇರೆ ಕಂಪನಿಯ ಮೆಷಿನ್ ಹೊಗಳಿದರೂ ಜಗಳಕ್ಕೆ ನಿಲ್ಲುತ್ತಿದ್ದೆ. ಯಾಕೆ — ನಾನೇನು ಅದನ್ನು ಮಾಡಿದವನೂ ಅಲ್ಲ, ಮಾರುವವನೂ ಅಲ್ಲ.

ಆಮೇಲೆ ನಯಾಜನ ಅಣ್ಣ ಸೌದಿಯಿಂದ ಅವನಿಗೆ ಇನ್ನೊಂದು ಕಂಪನಿಯ ಮೆಷಿನ್ ಕಳಿಸಿದರು. ಅವನ ತಾಯಿ ಮನೆಯಲ್ಲಿ ಬೇಡ ಅಂದರು, ನಮ್ಮ ಮನೆಗೆ ತಂದ. ನನ್ನ ಹತ್ತಿರ ಇದ್ದ ಬೈಕ್ ರೇಸ್ ಆಟವೇ ಅದರಲ್ಲೂ ಇತ್ತು. ನನ್ನದರಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ, ಬೈಕೂ ನಿಧಾನ. ಅವನದು ಟಿವಿ ತುಂಬಾ ಓಡಿತು — ಆದರೆ ಬಣ್ಣ ಇಲ್ಲ. ಬರೀ ಕಪ್ಪು ಬಿಳುಪು.

"ಏನ್ಲಾ, ಬಣ್ಣನೆಲ್ಲಾ ಚನ್ನಪಟ್ಣದ್ ಗೊಂಬೆಗೆ ಬಳ್ದುಬುಟ್ಟು ಬಂದಾ?" ಅಂದೆ.

"ನಗ್ಲಾ, ನಗು. ನಿನ್ ಬೈಕು ಎತ್ತಿನ್ ಗಾಡಿ ಹೋದಂಗ್ ಹೋಯ್ತದಲ್ಲ, ಅದುಕ್ ನಗು," ಅಂದ.

ಟೀ ತರಲು ಅವನು ಆಚೆ ಹೋದ. ನಾನು ರಿಮೋಟ್ ಹಿಡಿದು ಏನೇನೋ ಒತ್ತಿದೆ. ಟಿವಿಯ ಒಂದು ಸೆಟ್ಟಿಂಗ್ ಬದಲಾಯಿತು, ಪಟ್ ಅಂತ ಬಣ್ಣ ಬಂತು. ಕೆಂಪು ಬೈಕು, ನೀಲಿ ಆಕಾಶ, ಒಂದು ಕಪ್ಪು ಪಟ್ಟಿಯೂ ಇಲ್ಲ. ಅದೇ ಆಟ — ಮೂರು ವರ್ಷದಿಂದ ಆಡುತ್ತಿದ್ದೆ, ಅಂಥದ್ದು ನೋಡಿರಲಿಲ್ಲ. ಬಾಗಿಲ ಹತ್ತಿರ ಅವನ ಚಪ್ಪಲಿ ಸದ್ದು. ಸೆಟ್ಟಿಂಗನ್ನು ಮೊದಲಿದ್ದ ಹಾಗೇ ಮಾಡಿಬಿಟ್ಟೆ.

ಅವತ್ತೇ ನಗುತ್ತಾ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನ ಮಾವನ ಮನೆಯಲ್ಲೂ ಹಾಕಿ ನೋಡಿದ; ಅದು ಆ ಸೆಟ್ಟಿಂಗೇ ಇಲ್ಲದ ಹಳೇ ಟಿವಿ, ಅಲ್ಲೂ ಕಪ್ಪು ಬಿಳುಪೇ ಬಂತು. ನಯಾಜ್ ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಉರ್ದುವಿನಲ್ಲಿ ಹೇಳಿದ್ದು ನನಗೂ ಅರ್ಥವಾಯಿತು — ನಿನ್ನ ಹೆಂಡತಿ ಮನೆಯವರಿಗೆ ಹೊಸದು, ಒಡಹುಟ್ಟಿದವನಿಗೆ ಗುಜರಿ ಮಾಲು. ಆಮೇಲೆ ಮೆಷಿನ್ನನ್ನು ನಿಜವಾಗಿಯೂ ಗುಜರಿಗೆ ಹಾಕಿದ.

ಮುಂದಿನ ವರ್ಷ ಅಣ್ಣ ರಜಕ್ಕೆ ಬಂದರು. ನಯಾಜ್ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವರು ನನ್ನನ್ನು ಹುಡುಕಿಕೊಂಡು ಬಂದರು.

"ರಾಜು, ದಿಟ ಹೇಳಪ್ಪ. ನಿಮ್ಮನೆ ಟಿವೀಲಿ ಕಲರ್ ಬಂತೋ ಇಲ್ವೋ? ಅಂಗ್ಡೀಲಿ ನನ್ ಮುಂದೇನೇ ಹಾಕ್ ತೋರ್ಸಿದ್ರು."

"ಇಲ್ಲಣ್ಣ, ಬರ್ಲೇ ಇಲ್ಲ."

"ಅಂಗಾರೆ ಅಂಗ್ಡಿಯೋನೇ ಮೋಸ ಮಾಡ್ದ," ಅಂದು ಹೊರಟರು. ಮೊದಲನೇ ಸಲ ಹೊಟ್ಟೆಕಿಚ್ಚು ಅನ್ನಬಹುದು. ಎರಡನೇ ಸಲ ಏನು? ಎಷ್ಟು ಯೋಚಿಸಿದರೂ — ಗೊತ್ತಿಲ್ಲ. ಅಣ್ಣತಮ್ಮಂದಿರ ಮಧ್ಯೆ ಬೇರೆ ಏನಾದರೂ ಇತ್ತೇನೋ ಅಂತ ಅಂದುಕೊಂಡು ಕೆಲವು ದಿನ ಆರಾಮಾಗಿದ್ದೆ. ಇರಬಹುದು. ಆದರೆ ಅವತ್ತು ಫೋನಿನಲ್ಲಿ ಆಡಿದ ಮಾತು ನನ್ನದು, ಬಾಯಿ ಮಾತ್ರ ನಯಾಜನದು.

ಆರು ವರ್ಷವಾಯಿತು. ಅಣ್ಣ ಸೌದಿ ಬಿಟ್ಟು ಬಂದು ಚನ್ನಪಟ್ಟಣದಲ್ಲಿ ಮನೆ ಮಾಡಿದ್ದಾರೆ. ನಯಾಜ್ ಇನ್ನೂ ಇಲ್ಲೇ ರಾಮನಗರದಲ್ಲಿ. ಈ ಭಾನುವಾರ ಹೋಗಿ ಹೇಳುತ್ತೇನೆ. ಹೊಡೆದರೆ ಹೊಡೆಯಲಿ. ಮೊದಲು ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ. ಇಬ್ಬರನ್ನೂ ಕೂರಿಸಿ ಹೇಳೋಣವೆಂದರೆ ಅವರು ಒಂದು ಕಡೆ ಕೂರುವುದಿಲ್ಲ. ಇದ್ದ ಒಂದು ಮಾತನ್ನು ಎರಡು ಊರಿಗೆ ಹೋಗಿ ಹೇಳಬೇಕು.