ಹಿತ್ತಾಳೆ ಬಿಲ್ಲೆ

ಮುಂಬಯಿಯ ಕುರ್ಲಾದಲ್ಲಿದ್ದ ನಮ್ಮ ಬಟ್ಟೆ ಗಿರಣಿಯಲ್ಲಿ ಶೆಟ್ಟೆಪ್ಪ ಜಾಬರ್, ಅಂದರೆ ಮೇಸ್ತ್ರಿ. ನಾವು ಇಪ್ಪತ್ತು ನೇಕಾರರು ಅವನ ಕೈಕೆಳಗೆ. ಸಂಡಾಸಿಗೆ ಹೋಗಬೇಕಾದರೆ ಅವನಿಂದ ಹಿತ್ತಾಳೆ ಬಿಲ್ಲೆ ಕೇಳಿ ಪಡೆಯಬೇಕಿತ್ತು. ಕೇಳಿದರೆ "ತಡಕೋ" ಎನ್ನುತ್ತಿದ್ದ. ಒಮ್ಮೆ ತಡೆಯಲಾರದೆ ನಾನು ಮಗ್ಗದ ಮುಂದೆಯೇ ಧೋತರ ತೋಯಿಸಿಕೊಂಡೆ. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ.

೧೯೫೪ರಲ್ಲಿ ಅವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಗಿರಣಿಯವರೆಲ್ಲ ಸಾಲು ಖೋಲಿಗಳಲ್ಲಿ ಇರುತ್ತಿದ್ದ ಚಾಳಿನಲ್ಲಿ ನಮ್ಮದು ಅವನ ಪಕ್ಕದ ಖೋಲಿ. ಸಂಡಾಸು ಚಾಳಿನ ಆ ತುದಿಗಿತ್ತು. ಅವನು ಮುಟ್ಟುವಷ್ಟರಲ್ಲಿ ಎಲ್ಲ ಆಗಿಹೋಗುತ್ತಿತ್ತು. ನಾಚಿಕೆಗೆ ನೀರು ಕುಡಿಯುವುದನ್ನೇ ಬಿಟ್ಟ. ಉರಿಮೂತ್ರ ಶುರುವಾಯಿತು, ಮಲ ಕಲ್ಲಿನಂತೆ ಗಟ್ಟಿಯಾಯಿತು. ಧೋತರ ಹಸಿಯಾಗುವುದು ಮಾತ್ರ ನಿಲ್ಲಲಿಲ್ಲ.

ದವಾಖಾನೆಯ ಡಾಕ್ಟರು ಅವನ ಹೆಂಡತಿ ದಾನವ್ವನಿಗೆ ಗದರಿದರು: ನೀರು ಚೆನ್ನಾಗಿ ಕುಡಿಸಬೇಕು, ಅವನಾಗಿ ಕೇಳಲಿ ಎಂದು ಕಾಯದೆ ಎರಡು ತಾಸಿಗೊಮ್ಮೆ, ಊಟವಾದ ಮೇಲೂ, ಸಂಡಾಸಿಗೆ ಕರೆದೊಯ್ಯಬೇಕು.

ರವಿವಾರ ದಾನವ್ವ ನನ್ನ ಬಾಗಿಲಿಗೆ ಬಂದಳು. "ಈರಣ್ಣಾ, ನನಗೊಬ್ಬಾಕಿಗೆ ಅವರನ್ನ ಎತ್ತಾಕ ಆಗೂದಿಲ್ಲಪ್ಪಾ."

ಹೋದೆ. ಅವನ ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ. ಅವನು ನನ್ನ ಮುಖ ನೋಡಲಿಲ್ಲ. ತೊದಲುವ ನಾಲಿಗೆಯಲ್ಲಿ, "ಬಿಲ್ಲೆ..." ಎಂದ. ಕಣ್ಣುಗಳು ತುಂಬಿದ್ದವು.

ಅವನಿಗೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ಬೈಗುಳಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಬಿಲ್ಲೆ ಬ್ಯಾಡ್ರಿ, ಜಾಬರ್ ಸಾಹೇಬ್ರ," ಎಂದೆ. "ತಡಕೋಬ್ಯಾಡ್ರಿ, ನಡೀರಿ."